ಬಿಳಿ ಕಾರಿನ ಕ್ಲಚ್ ಕಳವು ಪ್ರಕರಣ

ಒಣಬೇಸಾಯ ಉತ್ತೇಜನ ಮಂಡಳಿಯ ಗದಗ ಕಚೇರಿಗೆ ಸೇರಿದ ಬಿಳಿ ಕಾರು ೧೯೮೫ನೇ ಇಸವಿಯ ದಸರೆಯ ಮರುದಿನದಿಂದ ಒಂದನೆಯ ಮತ್ತು ಎರಡನೆಯ ಗೇರುಗಳಲ್ಲಿ ಸೇವೆ ಸಲ್ಲಿಸುವುದನ್ನು ನಿಲ್ಲಿಸಿತು. ಇದು ದಾಖಲೆಯಲ್ಲಿರುವ ಸಂಗತಿ.

ಉಳಿದದ್ದು ದಾಖಲೆಯಲ್ಲಿ ಸಿಗುವುದಿಲ್ಲ, ನನ್ನ ಹತ್ತಿರ ಸಿಗುತ್ತದೆ. ನಾನು ಹೊಂಬಳದ ದ್ಯಾಮಪ್ಪ. ಓದಿದ್ದು ಏಳನೇ ಇಯತ್ತೆ. ಮುಂಬಯಿಯ ಗ್ಯಾರೇಜೊಂದರಲ್ಲಿ ಎರಡು ವರ್ಷ ವಿದೇಶಿ ಕಾರುಗಳ ಹೊಟ್ಟೆ ಬಗೆದು, ಈಗ ಬೆಟಗೇರಿಯಲ್ಲಿ ಸ್ವಂತ ಗ್ಯಾರೇಜು ಇಟ್ಟವನು. ಹುಬ್ಬಳ್ಳಿಯಿಂದ ಈಚೆಗೆ ಕ್ಲಚ್ ಇಲ್ಲದ ಕಾರನ್ನು ಬಿಚ್ಚಿ ಮತ್ತೆ ಜೋಡಿಸಿ, ಒಂದು ಬೋಲ್ಟೂ ಉಳಿಸದೆ ಕೊಟ್ಟವನು ನಾನೊಬ್ಬನೇ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ; ಹೇಳುವವರು ಬೇರೆ ಯಾರೂ ಇಲ್ಲದ್ದಕ್ಕೆ ಹೇಳುತ್ತಿದ್ದೇನೆ.

ಕಾರು ಮಂಡಳಿಗೆ ಬಂದ ಬಗೆ ಹೀಗೆ. ಡಂಬಳದ ಮಣ್ಣು ಪರೀಕ್ಷಿಸಲು ಬಂದಿದ್ದ ವಿದೇಶೀ ತಜ್ಞರು ಎರಡು ವರ್ಷ ಪರೀಕ್ಷಿಸಿ, ಮಣ್ಣು ಒಣಗಿದೆ ಎಂದು ವರದಿ ಕೊಟ್ಟು, ಕಾರನ್ನು ಇಲ್ಲೇ ಬಿಟ್ಟು ಹೋದರು. ಜಪಾನಿನ ಕಾರು. ಅದರ ಗೇರುಗಳನ್ನು ಯಾರೂ ಬದಲಿಸಬೇಕಿಲ್ಲ, ತಾವೇ ಬದಲಾಗುತ್ತವೆ. ಹೀಗಾಗಿ ಕಾಲ ಕೆಳಗೆ ಎರಡೇ ಪೆಡಲು: ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ. ಮಂಡಳಿಗೆ ಇವೆರಡರಲ್ಲಿ ಒಂದೇ ಸಾಕಾಗಿತ್ತು.

ದಸರೆಯ ನಂತರ ಕಾರು ನಿಂತಲ್ಲಿಂದ ನೇರವಾಗಿ ಮೂರನೆಯ ಗೇರಿನಲ್ಲಿ ಹೊರಡತೊಡಗಿತು. ಹೇರಿದ ಚಕ್ಕಡಿಗೆ ಮುದಿ ಎತ್ತು ಹೂಡಿದಂತೆ ನರಳಿ, ನಡುಗಿ, ಸಪಾಟು ನೆಲದಲ್ಲಿ ಹೇಗೋ ವೇಗ ಹಿಡಿಯುತ್ತಿತ್ತು. ಏರು ಬಂದರೆ ನಿಂತುಬಿಡುತ್ತಿತ್ತು. ಕಚೇರಿ ತಕ್ಷಣ ಕ್ರಮ ಕೈಗೊಂಡಿತು. ಸಾಹೇಬರಾದ ಶ್ರೀಪಾದರಾಯರು ಶಿರಹಟ್ಟಿ, ಮುಂಡರಗಿ ಮತ್ತು ಗದಗ ತಾಲೂಕುಗಳ ಹಳ್ಳಿಗಳನ್ನು ‘ಇಳಿಜಾರಿನ ಗ್ರಾಮಗಳು’, ‘ಏರಿನ ಗ್ರಾಮಗಳು’ ಎಂದು ವಿಂಗಡಿಸಿ, ಒಣಬೇಸಾಯದ ಉತ್ತೇಜನವನ್ನು ಇಳಿಜಾರಿನ ಗ್ರಾಮಗಳಿಗೆ ಸೀಮಿತಗೊಳಿಸಿದರು. ಹೋಗುವಾಗ ಇಳಿಜಾರಾದದ್ದು ಬರುವಾಗ ಏರಾಗುತ್ತದಲ್ಲ ಎಂದು ಯಾರೋ ತಕರಾರು ತೆಗೆದರು. ‘ಬರುವಾಗ ಸ್ಥಳೀಯ ರೈತರ ಎತ್ತು ಕಟ್ಟತಕ್ಕದ್ದು’ ಎಂದು ತಿದ್ದುಪಡಿ ಹೊರಟಿತು. ಲಕ್ಷ್ಮೇಶ್ವರದ ರಸ್ತೆಯಲ್ಲಿ ಸಾಹೇಬರು ಒಳಗೆ ಕುಳಿತು, ಮುಂದೆ ಎರಡೆತ್ತು ಜಗ್ಗಿ, ಎತ್ತಿನವನು ಬಾರುಕೋಲು ಬೀಸುತ್ತ ಹೋಗುವುದನ್ನು ಜನ ಮೂರು ತಿಂಗಳು ನೋಡಿದರು. ಮೊದಲ ವಾರ ನಕ್ಕರು. ಆಮೇಲೆ ದಾರಿ ಬಿಡತೊಡಗಿದರು.

ಒಂದು ಲಾಭವೂ ಆಯಿತು. ಪ್ರವಾಸಕ್ಕೆ ಹೋದ ಊರಿಂದ ಎರಡು ಚೀಲ ಶೇಂಗಾ ತಾನಾಗಿ ಡಿಕ್ಕಿಯಲ್ಲಿ ಬಂದು ಕೂಡುವ ಪದ್ಧತಿ ಇತ್ತು. ಏರಿನ ಊರುಗಳಲ್ಲಿ ಆ ವರ್ಷ ಶೇಂಗಾ ಬೆಳೆದವರ ಮನೆಯಲ್ಲೇ ಉಳಿಯಿತು. ಅಲ್ಲಿಯ ರೈತರು ಇದನ್ನೇ ಮಂಡಳಿಯ ಮೊದಲ ಉತ್ತೇಜನವೆಂದು ಇಂದಿಗೂ ನೆನೆಯುತ್ತಾರೆ.

ಜನವರಿಯಲ್ಲಿ ವಾಹನಗಳ ವಾರ್ಷಿಕ ತಪಾಸಣೆ ಬಂತು. ತಪಾಸಣೆಗೆ ನೇಮಕವಾದವರು ಹೆಡ್‌ಕ್ಲಾರ್ಕ್ ಜಯತೀರ್ಥರಾಯರು. ವಾಹನದ ಬಗ್ಗೆ ಅವರಿಗೆ ಏನೇನೂ ಗೊತ್ತಿರಲಿಲ್ಲವಾದ್ದರಿಂದ ಅವರು ನಿಷ್ಪಕ್ಷಪಾತಿಗಳಾಗಿದ್ದರು. ಹಳೇ ಜೀಪುಗಳ ಕಾಲದಲ್ಲಿ ಅಚ್ಚಾದ ನಮೂನೆ ಹದಿನೇಳನ್ನು ಹಿಡಿದು ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಂಬತ್ತನೆಯ ಅಂಕಣದಲ್ಲಿ ‘ಕ್ಲಚ್: ಇದೆ / ಇಲ್ಲ’ ಎಂದಿತ್ತು. ಅಂಕಣ ಖಾಲಿ ಬಿಡುವಂತಿಲ್ಲ, ಅನ್ವಯಿಸುವುದಿಲ್ಲ ಎಂದು ಬರೆಯುವಂತಿಲ್ಲ. ಹಾಗೆ ಸುತ್ತೋಲೆ ಇದೆ. ರಾಯರು ಬಗ್ಗಿ ನೋಡಿ ‘ಇದೆ’ ಎಂಬುದನ್ನು ಹೊಡೆದುಹಾಕಿದರು. ‘ಇಲ್ಲ’ ಉಳಿಯಿತು.

ಸರಕಾರಿ ವಾಹನದಲ್ಲಿ ಇರಬೇಕಾದದ್ದು ಇಲ್ಲವೆಂದರೆ ಅದು ಎಲ್ಲಿಗೋ ಹೋಗಿದೆ ಎಂದರ್ಥ. ಎಲ್ಲಿಗೋ ಹೋಗಿದೆ ಎಂದರೆ ಯಾರೋ ಒಯ್ದಿದ್ದಾರೆ. ಕಾರಿನ ಕೀಲಿ ಇದ್ದದ್ದು ಚಾಲಕ ಬೆಳ್ಳಟ್ಟಿಯ ಅಂದಪ್ಪನ ಹತ್ತಿರ. ಮೂರು ದಿನದಲ್ಲಿ ಅಂದಪ್ಪನಿಗೆ ಜ್ಞಾಪನ ಮುಟ್ಟಿತು:

‘ನಿಮ್ಮ ವಶದಲ್ಲಿದ್ದ ಕಾರಿನ ಕ್ಲಚ್ ಕಾಣೆಯಾಗಿರುವುದು ತಪಾಸಣೆಯಿಂದ ಸಿದ್ಧಪಟ್ಟಿರುತ್ತದೆ. ಗೇರುಗಳು ಕೆಡಲು ಇದೇ ಕಾರಣವೆಂದು ತರ್ಕದಿಂದ ಕಂಡುಬರುತ್ತದೆ. ಹದಿನೈದು ದಿನಗಳೊಳಗಾಗಿ ಸದರಿ ಕ್ಲಚ್ಚನ್ನು ಕಚೇರಿಗೆ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ನಿಮ್ಮನ್ನು ಕಳವಿನ ಆಪಾದನೆಯ ಮೇಲೆ ನೌಕರಿಯಿಂದ ವಜಾ ಮಾಡಲಾಗುವುದು.’

ಅಂದಪ್ಪನ ನೌಕರಿ ಮೂವತ್ತೊಂದು ವರ್ಷದ್ದು. ನಿವೃತ್ತಿಗೆ ಉಳಿದದ್ದು ನಾಲ್ಕು ತಿಂಗಳು. ವಜಾ ಆದವನಿಗೆ ಪಿಂಚಣಿ ಇಲ್ಲ.

ಅವನು ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತು, ಗೋಡೆಗೆ ತೂಗುಹಾಕಿದ ನನ್ನ ಪಾನಾ, ಸ್ಪ್ಯಾನರುಗಳನ್ನು ಒಂದೊಂದಾಗಿ ನೋಡಿದ.

“ದ್ಯಾಮಪ್ಪ, ಕ್ಲಚ್ ಅಂದ್ರ ಎಷ್ಟ ದೊಡ್ಡದ ಇರತೈತಿ?”

“ಯಾಕ ಕಾಕಾ?”

“ನಿಮ್ಮ ಕಾಕಿ ಗುರುಸಿದ್ದವ್ವ ಜ್ವಾಳದ ಹಗೇವಿನಾಗೂ ಇಳದು ಹುಡುಕಿದ್ಲು. ನಾ ಎಲ್ಲೆರೆ ಮರತು ತಂದಿಟ್ಟೀನೇನೋ ಅಂತ.”

“ಕಾಕಾ, ಆ ಗಾಡಿಗೆ ಕ್ಲಚ್ ಇಲ್ಲ. ಹುಟ್ಟಿದಾಗಿಂದ ಇಲ್ಲ. ನೀ ನಾಕ ವರ್ಷ ಓಡಿಸೀದಿ, ಒಂದ ಸಲರೆ ಒತ್ತೀಯೇನು?”

“ಒತ್ತಿಲ್ಲ. ಹಂಗಂತ ಹೇಳಿದೆ. ‘ಹಂಗಾದ್ರ ನಾಕ ವರ್ಷದ ಹಿಂದೇ ಕದ್ದೀಯಿ’ ಅಂದ್ರು.” ಅವನು ಟೊಪ್ಪಿಗೆ ತೆಗೆದು ಮೊಣಕಾಲಿಗೆ ಸಿಕ್ಕಿಸಿದ. “ಊರಾಗ ಚಾದಂಗಡಿ ಮುಂದ ಹಾದ್ರ, ‘ಏನ ಅಂದಪ್ಪ, ಕ್ಲಚ್ ಯಾವ ಸಂತ್ಯಾಗ ಮಾರಿದಿ?’ ಅಂತಾರ. ಮೂವತ್ತೊಂದ ವರ್ಷದಾಗ ಒಂದ ಲೀಟರ್ ಪೆಟ್ರೋಲ್ ತಗದಿಲ್ಲ ನಾ. ತಗದಿದ್ರ ಸಮಾಧಾನರೆ ಇರತಿತ್ತು.”

ಸಿಟ್ಟಿಗೆ ನಾನು ಅಂಗಿ ಬದಲಿಸದೆ ಹಾಗೇ ಎಣ್ಣೆಗೈಯಲ್ಲಿ ಕಚೇರಿಗೆ ಹೋದೆ. ನನ್ನ ವಾದದ ಮುಂದೆ ಯಾವ ಕ್ಲಾರ್ಕನೂ ನಿಲ್ಲಲಾರನೆಂಬ ಧೈರ್ಯ. ಜಯತೀರ್ಥರಾಯರು ಕುರ್ಚಿ ತೋರಿಸಿದರು, ಆಮೇಲೆ ನನ್ನ ಪ್ಯಾಂಟು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು.

“ರಾಯರ, ಆ ಗಾಡಿಗೆ ಕ್ಲಚ್ಚೇ ಇಲ್ರಿ.”

“ನಾವೂ ಅದನ್ನೇ ಬರದೇವಲ್ಲಪಾ.”

“ಕಳದಿಲ್ರಿ. ಕಂಪನಿಯವರ ಇಟ್ಟಿಲ್ಲ. ಗೇರು ತಮ್ಮಷ್ಟಕ್ಕ ತಾವು ಬದಲಾಗತಾವು.”

“ಯಾರ ಅಪ್ಪಣೀಲೆ?”

ನಾನು ಸಮಾಧಾನದಿಂದ ತಿಳಿಸಿ ಹೇಳಿದೆ. ಗೇರ್‌ಪೆಟ್ಟಿಗೆಯೊಳಗೆ ಎಣ್ಣೆ ಹರಿಯುತ್ತದೆ. ಯಾವ ಗೇರು ಹಿಡಿಯಬೇಕೋ ಅದಕ್ಕೆ ಎಣ್ಣೆ ತಿರುಗಿಸಲು ಸೊಲೆನಾಯ್ಡ್ ಎಂಬ ಎರಡು ಸಣ್ಣ ಸಾಮಾನುಗಳಿವೆ: ತಾಮ್ರದ ತಂತಿ ಸುತ್ತಿದ ಉರುಳೆ, ನಡುವೆ ಒಂದು ಕಬ್ಬಿಣದ ಕಡ್ಡಿ. ಕರೆಂಟು ಬಂದರೆ ಕಡ್ಡಿ ಜಿಗಿದು ದಾರಿ ಬಿಡುತ್ತದೆ, ಕರೆಂಟು ಹೋದರೆ ಮುಚ್ಚುತ್ತದೆ. ಬಾವಿಯ ತೋಟದಲ್ಲಿ ನೀರು ಹಾಯಿಸುವವನು ಸಲಿಕೆಯಿಂದ ಮಡಿ ಒಡೆದು ನೀರು ತಿರುಗಿಸುವುದಿಲ್ಲವೇ, ಹಾಗೆ. ಇಬ್ಬರಲ್ಲಿ ಒಬ್ಬ ಮಲಗಿದ್ದಾನೆ. ಹೀಗಾಗಿ ಎರಡು ಮಡಿಗೆ ನೀರಿಲ್ಲ.

“ನೀರ ಹಾಯಿಸಾಂವಗೂ ಯಾರರೆ ಹೇಳಬೇಕಲಾ?” ಎಂದರು ರಾಯರು.

“ಒಂದು ಡಬ್ಬಿ ಐತ್ರಿ. ಗಾಡಿ ಎಷ್ಟ ಜೋರ ಹೊಂಟೈತಿ ನೋಡಿ ಅದು ಹೇಳತೈತಿ.”

“ಆ ಡಬ್ಬಿ ಯಾವ ದರ್ಜೇದು?”

ರಾಯರು ಬರೆದುಕೊಂಡರು: ‘ದರ್ಜೆ ತಿಳಿದಿಲ್ಲ.’

ಆದರೂ ದುರಸ್ತಿಗೆ ಮಂಜೂರಿ ಸಿಕ್ಕಿತು. ಅದು ನನ್ನ ವಾದದ ಬಲದಿಂದಲ್ಲ. ಶ್ರೀಪಾದರಾಯರ ಅತ್ತೆ ಯಮುನಾಬಾಯಿಯವರು ಮುಂಡರಗಿಯಲ್ಲಿ ಮನೆ ಕಟ್ಟಿಸಿದ್ದು ಏರಿನ ಮೇಲೆ. ಅಳಿಯ ಎತ್ತು ಹೂಡಿಕೊಂಡು ಮನೆಗೆ ಬರುವುದು ಬೇಡವೆಂದು ಅವರು ಹೇಳಿಕಳಿಸಿದ್ದರು. ಕಚೇರಿಯ ಷರತ್ತು ಒಂದೇ. ಗೇರು ದುರಸ್ತಿ ಮಾಡುವಾಗ ಕ್ಲಚ್ ಇಲ್ಲದ ಜಾಗಕ್ಕೆ ಕೈ ಹಚ್ಚಕೂಡದು. ಆ ಖಾಲಿ ಜಾಗ ಪ್ರಕರಣದ ಸಾಕ್ಷಿ. ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಜಯತೀರ್ಥರಾಯರು ಸಹಿ ಮಾಡಿದರು.

ಕಾರು ಗ್ಯಾರೇಜಿಗೆ ಬಂದ ಹತ್ತು ನಿಮಿಷಕ್ಕೆ ನನಗೆ ರೋಗದ ಮೂಲ ಸಿಕ್ಕಿತು. ಮುಂಬಯಿಯ ನನ್ನ ಉಸ್ತಾದ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಬಾನೆಟ್ಟಿನ ಕೆಳಗೆ, ಗೇರ್‌ಪೆಟ್ಟಿಗೆಗೆ ಹೋಗುವ ತಂತಿಯ ಮೈ ಸುಲಿದು, ಇನ್ನೊಂದು ಪರದೇಶಿ ತಂತಿ ತಿರುವಿ, ಹೂವಿನ ದಾರದಿಂದ ಕಟ್ಟಿತ್ತು. ನವರಾತ್ರಿಗೆ ಕಚೇರಿಯವರು ಕಾರಿಗೆ ಬಣ್ಣದ ಬಲ್ಬಿನ ಸರ ಹಾಕಿಸಿದ್ದರು, ಅದಕ್ಕೆ ಕರೆಂಟು ಇಲ್ಲಿಂದ. ಪಕ್ಕದಲ್ಲಿ ಚಾರ್ಜರು ಇಟ್ಟು ಒಂಬತ್ತು ದಿನ ಬಿಡದೆ ಉರಿಸಿದ್ದರು. ನಿಂತ ಗಾಡಿಯಲ್ಲಿ ಎಣ್ಣೆ ಹರಿಯದೆ, ಒಳಗಿನ ಸೊಲೆನಾಯ್ಡು ಒಂಬತ್ತು ದಿನ ಒಣ ಹಂಚಿನ ಮೇಲಿನ ರೊಟ್ಟಿಯ ಹಾಗೆ ಬೆಂದಿತ್ತು. ಬಲ್ಬಿನ ಸರ ಹಾಕಿದ ಗುತ್ತಿಗೆದಾರ ಜಯತೀರ್ಥರಾಯರ ಹೆಂಡತಿಯ ತಮ್ಮ. ರಾಯರನ್ನು ಗ್ಯಾರೇಜಿಗೆ ಕರೆಸಿ ಇದನ್ನು ತೋರಿಸಿದೆ.

“ಅಲಂಕಾರ ಠರಾವಿನ ಪ್ರಕಾರ ಆಗ್ಯದ,” ಎಂದರು. “ಠರಾವಿನಿಂದ ಗೇರು ಕೆಡೂದಿಲ್ಲ.”

ಪರೀಕ್ಷೆಯನ್ನು ಅವರೆದುರೇ ಮಾಡಿದೆ. ಕೆಳಗಿನ ತಟ್ಟೆ ಬಿಚ್ಚಿ, ಎಣ್ಣೆ ಇಳಿಸಿ, ಎರಡೂ ಸೊಲೆನಾಯ್ಡುಗಳನ್ನು ಮೇಜಿನ ಮೇಲಿಟ್ಟು, ಬ್ಯಾಟರಿಯ ತಂತಿ ಮುಟ್ಟಿಸಿದೆ. ಎರಡನೆಯದು ‘ಟಕ್’ ಎಂದಿತು. ಒಂದನೆಯದು ಸುಮ್ಮನಿತ್ತು. ಮತ್ತೆ ಮುಟ್ಟಿಸಿದೆ. ಎರಡನೆಯದು ಟಕ್, ಒಂದನೆಯದು ಸುಮ್ಮನೆ. ಪಕ್ಕದ ಫ್ಯಾನು ದುರಸ್ತಿಯ ಮಾಶಾಕ ತನ್ನ ಮೀಟರು ತಂದು ಹಚ್ಚಿದ. ಒಳ್ಳೆಯದರಲ್ಲಿ ಮುಳ್ಳು ಹದಿಮೂರಕ್ಕೆ ನಿಂತಿತು, ಕೆಟ್ಟದ್ದರಲ್ಲಿ ಅಲುಗಲಿಲ್ಲ. ಒಳಗೆ ತಂತಿ ಸುಟ್ಟು ಹರಿದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

“ಈ ಒಂದನೇದು ಯಾಕ ಮಾತಾಡವಲ್ದು?” ಎಂದರು ರಾಯರು.

“ಸತ್ತೈತ್ರಿ.”

“ಮರಣದ ದಾಖಲೆ?”

“ಮೀಟರ್ ನೋಡ್ರಿ.”

“ಮೀಟರಿಗೆ ಸಹಿ ಮಾಡಾಕ ಬರತದೇನು?”

ಮಾಶಾಕ ಸಹಿ ಮಾಡಿದ. ಹೊಸ ಸೊಲೆನಾಯ್ಡು ಜಪಾನಿನಿಂದ ಬರಬೇಕು, ಜಪಾನಿಗೆ ಪತ್ರ ಹೋಗಬೇಕು, ಪತ್ರಕ್ಕೆ ಬೆಂಗಳೂರಿನ ಅನುಮತಿ ಬೇಕು. ಅಷ್ಟರಲ್ಲಿ ಅಂದಪ್ಪನ ಹದಿನೈದು ದಿನ ಹದಿನೈದು ಸಲ ಮುಗಿಯುತ್ತಿತ್ತು. ನಾನು ಸುಟ್ಟ ತಂತಿಯನ್ನು ಸುತ್ತು ಎಣಿಸುತ್ತ ಬಿಚ್ಚಿದೆ. ಕೂದಲಿನಷ್ಟು ಸಣ್ಣ ತಂತಿ, ಆರುನೂರಾ ನಲವತ್ತು ಸುತ್ತು. ಮಾಶಾಕ ಅಂಥದೇ ತಂತಿ ಹುಡುಕಿ ಕೊಟ್ಟ, ಆದರೆ ಅವನ ಕೈಯಲ್ಲಿ ಅದು ಮೂರು ಸಲ ಹರಿಯಿತು. ಪಂಪಸೆಟ್ಟಿನ ಮೋಟಾರು ಸುತ್ತಿದ ಕೈ, ದಪ್ಪ ಕೈ.

ನೇಕಾರರ ಊರಾದ ಬೆಟಗೇರಿಯಲ್ಲಿ ಹುಟ್ಟಿದ ಯಾರಿಗಾದರೂ ಮುಂದಿನದು ಹೊಳೆಯುತ್ತಿತ್ತು. ಮೊದಲು ಹೊಳೆದದ್ದು ಹೊಂಬಳದವನಾದ ನನಗೆ. ನಮ್ಮ ಗ್ಯಾರೇಜಿನ ಹಿಂದಿನ ಓಣಿಯ ನೀಲಗಂಗವ್ವ ನಲವತ್ತು ವರ್ಷದಿಂದ ಸೀರೆಯ ಮಗ್ಗಕ್ಕೆ ರಾಟಿಯ ಮೇಲೆ ನೂಲಿನ ಕಂಡಿಕೆ ಸುತ್ತುವವಳು. ಎಳೆ ಹರಿಯದಂತೆ, ಒಂದರ ಮೇಲೊಂದು ಏರದಂತೆ ನೂಲು ಸುತ್ತುವುದು ಅವಳಿಗೆ ಉಸಿರಾಡಿದ ಹಾಗೆ. ಉರುಳೆಯನ್ನೂ ತಂತಿಯನ್ನೂ ಅವಳ ಮುಂದಿಟ್ಟೆ.

“ಇದೇನೋ ಯಪ್ಪಾ, ಕಂಚಿನ ಸೀರಿ ನೇಯಾಕ ಹೊಂಟೀಯೇನು?”

“ಸರಕಾರದ ಕಾರಿಗೆ ಬೇಕ ಬೇ. ಆರುನೂರಾ ನಲವತ್ತ ಸುತ್ತ. ಒಂದೂ ತಪ್ಪಬಾರದು.”

“ಸರಕಾರಕ್ಕ ಎಣಿಸಾಕ ಬರೂದಿಲ್ಲಂತ ನನ್ನ ಕಡೆ ಕಳಿಸ್ಯಾರೇನು?” ಎಂದು ರಾಟಿ ತಿರುಗಿಸತೊಡಗಿದಳು. ನಡುವೆ ಸೊಸೆಗೆ ಬೈದಳು, ಒಲೆಯ ಮೇಲಿನ ಹಾಲು ಇಳಿಸೆಂದಳು, ನನ್ನ ಮದುವೆ ವಿಚಾರಿಸಿದಳು. ಎಣಿಕೆ ತಪ್ಪಲಿಲ್ಲ. ಮಾಶಾಕನ ಮೀಟರು ಹದಿಮೂರು ತೋರಿಸಿತು.

ಉರುಳೆಗೆ ವಾರ್ನಿಷ್ ಹೊಡೆದು ಒಣಗಿಸಿ, ಕಡ್ಡಿ ಕೂರಿಸಿ, ಬ್ಯಾಟರಿ ಮುಟ್ಟಿಸಿದೆ. ‘ಟಕ್.’ ಪರದೇಶಿ ತಂತಿ ಕಿತ್ತೆಸೆದು, ಹೊಸ ಎಣ್ಣೆ ತುಂಬಿ, ಕಾರನ್ನು ಕಪ್ಪತಗುಡ್ಡದ ಏರಿಗೆ ತಿರುಗಿಸಲು ಅಂದಪ್ಪನಿಗೆ ಹೇಳಿದೆ. ಹಿಂದೆ ಶ್ರೀಪಾದರಾಯರು, ಜಯತೀರ್ಥರಾಯರು. ಕಾರು ಒಂದನೆಯ ಗೇರಿನಲ್ಲಿ ಮೇಕೆಯ ಹಾಗೆ ಏರಿತು. ಎರಡಕ್ಕೆ ಬಿತ್ತು, ಮೂರಕ್ಕೆ ಬಿತ್ತು. ಯಾರಿಗೂ ತಿಳಿಯಲಿಲ್ಲ, ನನ್ನ ಕೆಲಸ ಹಾಗಿರುತ್ತದೆ.

ಮೇಲೆ ಹೋಗಿ ಇಳಿದು ನಿಂತಾಗ, ಇನ್ನು ಅಂದಪ್ಪನ ಪ್ರಕರಣ ಮುಗಿಯಿತೆಂದು ನಾನು ಬೀಡಿ ಹಚ್ಚಿದೆ. ಜಯತೀರ್ಥರಾಯರು ಗಂಭೀರವಾಗಿದ್ದರು.

“ಸಾಹೇಬ್ರ, ಇದು ಮೊದಲಿಗಿಂತ ಕೆಟ್ಟ ಆತು. ಕ್ಲಚ್ ಇಲ್ಲದ ಗಾಡಿ ಇಷ್ಟು ಛಲೋ ಓಡತದ ಅಂದ್ರ, ಕ್ಲಚ್ ಕದ್ದದ್ದು ಯಾರಿಗೂ ಗೊತ್ತಾಗಬಾರದು ಅಂತ ಇಂವಾ ಎಷ್ಟು ತಯಾರಿ ಮಾಡ್ಯಾನ ನೋಡ್ರಿ.”

ಶ್ರೀಪಾದರಾಯರು ಯೋಚಿಸಿ, “ಅಂದಪ್ಪ, ನಿನ್ನ ಮ್ಯಾಲ ನಮಗ ವಿಶ್ವಾಸ ಅದ. ನಾಳೆ ಸಂಜೀಕ ಹದಿನೈದ ದಿನ ಮುಗೀತದ. ಆಮ್ಯಾಲ ಇರೂದಿಲ್ಲ,” ಎಂದರು.

ಗ್ಯಾರೇಜಿನಲ್ಲಿ ಇಳಿದ ಮೇಲೆ ಅಂದಪ್ಪನನ್ನು ಕೇಳಿದೆ.

“ಕಾಕಾ, ಖರೆ ಹೇಳಿ ಮನೀಗಿ ಹೊಕ್ಕೀಯೋ, ಸುಳ್ಳ ಪೆಡಲ್ ಒತ್ತಿ ಪಿಂಚಣಿ ತಗೋತೀಯೋ?”

“ಖರೇನ ಹದಿನಾಕ ದಿನ ಹೇಳೀನೆಪಾ. ಅದಕ್ಕ ಅಂಕಣ ಇಲ್ಲಂತ.”

ಮುರಿದ ಲಾರಿಯೊಂದರಿಂದ ಕ್ಲಚ್ ಪೆಡಲು ಬಿಚ್ಚಿ ತಂದೆ. ಸೀಮೆಸುಣ್ಣದ ಗೆರೆಯ ಒಳಗೇ ಎರಡು ಬೋಲ್ಟು ಹಾಕಿ ಕೂರಿಸಿ, ಒತ್ತಿದರೆ ಮೇಲೆ ಬರುವಂತೆ ಕೆಳಗೊಂದು ಸ್ಪ್ರಿಂಗು ಕೊಟ್ಟೆ. ಪೆಡಲಿಗೆ ಕಾರಿನ ಯಾವ ಭಾಗದೊಂದಿಗೂ ಸಂಬಂಧವಿರಲಿಲ್ಲ. ಆದರೆ ಕೆಲಸ ಗಟ್ಟಿ. ಸುಳ್ಳು ಕೆಲಸವನ್ನೂ ನಾನು ಬಿಗಿಯಾಗಿಯೇ ಮಾಡುತ್ತೇನೆ.

ಮರುದಿನ ಪಂಚನಾಮೆ ಆಯಿತು. ‘ಕಾಣೆಯಾಗಿದ್ದ ಕ್ಲಚ್ ಚಾಲಕನ ಎಡಗಾಲಿನ ಬಳಿಯೇ ಇದ್ದು, ಧೂಳಿನಿಂದಾಗಿ ತಪಾಸಣೆಯಲ್ಲಿ ಗೋಚರಿಸದೆ ಉಳಿದಿತ್ತು’ ಎಂದು ಬರೆದು, ಮೆಕ್ಯಾನಿಕ್ ಎಂದು ನನ್ನ ಸಹಿಯನ್ನೂ ಹಾಕಿಸಿಕೊಂಡರು. ನಾನು ಹಾಕಿದೆ. ಜಯತೀರ್ಥರಾಯರು ‘ಇಲ್ಲ’ ಹೊಡೆದುಹಾಕಿ, ಮೊದಲು ಹೊಡೆದುಹಾಕಿದ್ದ ‘ಇದೆ’ಯನ್ನು ಮೇಲೆ ಮತ್ತೆ ಬರೆದರು. ಆಪಾದನೆ ಕೈಬಿಡಲಾಯಿತು. ಕ್ಲಚ್ ಇದೆ ಎಂದ ಮೇಲೆ ಕ್ಲಚ್ ಪ್ಲೇಟು ಸವೆಯಲೇಬೇಕೆಂದು, ಮೂರು ತಿಂಗಳಿಗೊಂದರಂತೆ ಪ್ಲೇಟು ಪೂರೈಸುವ ಗುತ್ತಿಗೆ ರಾಯರ ಹೆಂಡತಿಯ ತಮ್ಮನಿಗೆ ಹೋಯಿತು. ಅವು ಕಚೇರಿಯಲ್ಲಿ ಕಡತಗಳು ಹಾರದಂತೆ ಮೇಲಿಡಲು ಉಪಯೋಗಕ್ಕೆ ಬಂದವು.

ಒಂದು ತೊಡಕು ಉಳಿಯಿತು. ವಾಹನದ ಲಾಗ್‌ಬುಕ್ಕಿನಲ್ಲಿ ‘ಕ್ಲಚ್ ಒತ್ತಿದ ಸಂಖ್ಯೆ’ ಎಂಬ ಹೊಸ ಅಂಕಣಕ್ಕೆ ಗೆರೆ ಎಳೆದಿದ್ದರು. ಗೇರು ಬದಲಾಗುವ ಮೊದಲು ಕ್ಲಚ್ ಒತ್ತತಕ್ಕದ್ದು. ಈ ಕಾರಿನ ಗೇರು ಯಾವಾಗ ಬದಲಾಗುತ್ತದೆಂದು ಮೊದಲೇ ತಿಳಿಯುವುದಿಲ್ಲ. ಅಂದಪ್ಪ ವಿನಯದಿಂದ ಬರೆದು ಕೇಳಿದ. ಶ್ರೀಪಾದರಾಯರು ಇದನ್ನು ಬಗೆಹರಿಸಿದ ರೀತಿಗೆ ಅವರಿಗೆ ಮುಂದೆ ಬಡ್ತಿ ಸಿಕ್ಕಿತು:

‘ಸದರಿ ವಾಹನವು ಗೇರನ್ನು ಪೂರ್ವಾನುಮತಿಯಿಲ್ಲದೆ ಬದಲಿಸುವುದು ಗಮನಕ್ಕೆ ಬಂದಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಇದನ್ನು ತಡೆಯಲು ಸಾಧ್ಯವಿಲ್ಲದ ಕಾರಣ, ಪ್ರತಿ ಸಲ ಗೇರು ಬದಲಾದ ನಂತರ ಚಾಲಕನು ಕ್ಲಚ್ಚನ್ನು ಒಮ್ಮೆ ಒತ್ತಿ ಘಟನೋತ್ತರ ಮಂಜೂರಾತಿ ನೀಡತಕ್ಕದ್ದು.’

ಅಂದಿನಿಂದ ಹಾಗೇ ನಡೆಯಿತು. ಕಾರು ಎರಡಕ್ಕೆ ಬೀಳುತ್ತದೆ, ಅಂದಪ್ಪ ಒತ್ತುತ್ತಾನೆ, ಹಿಂದೆ ಕುಳಿತ ಸಾಹೇಬರು ತಲೆಯಾಡಿಸುತ್ತಾರೆ. ಮೂರಕ್ಕೆ ಬೀಳುತ್ತದೆ, ಒತ್ತುತ್ತಾನೆ, ಆಡಿಸುತ್ತಾರೆ. ಉತ್ತೇಜನ ಏರಿನ ಗ್ರಾಮಗಳಿಗೂ ವಿಸ್ತರಿಸಿತು, ಶೇಂಗಾ ಮತ್ತೆ ಡಿಕ್ಕಿಗೆ ಬಂತು.

ಮೇ ತಿಂಗಳಲ್ಲಿ ಅಂದಪ್ಪ ಪಿಂಚಣಿಸಹಿತ ನಿವೃತ್ತನಾದ. ಬೀಳ್ಕೊಡುಗೆಯ ಭಾಷಣದಲ್ಲಿ ಜಯತೀರ್ಥರಾಯರು, ಹನ್ನೊಂದು ಸಾವಿರದ ಇನ್ನೂರು ಸಲ ಕ್ಲಚ್ ಒತ್ತಿಯೂ ಒಮ್ಮೆಯೂ ಕೆಡಿಸದ ಚಾಲಕನೆಂದು ಕೊಂಡಾಡಿದರು. ಕಾರನ್ನು ಒಪ್ಪಿಸುವ ಮುನ್ನ ಅಂದಪ್ಪ ಗ್ಯಾರೇಜಿಗೆ ಬಂದು, ಕೊನೆಯ ಸಲ ಒಂದು ಸುತ್ತು ಹೋಗೋಣ ಬಾ ಎಂದು ನನ್ನನ್ನು ಮುಂದೆ ಕೂರಿಸಿಕೊಂಡ. ಪ್ರತಿ ಗೇರಿಗೂ ಒತ್ತುತ್ತಿದ್ದ. ಕಾರಿನಲ್ಲಿ ನಾವಿಬ್ಬರೇ.

“ಕಾಕಾ, ಈಗ ಯಾರ ನೋಡಾಕತ್ತಾರ? ಬಿಡು.”

“ನೀ ನಗಬ್ಯಾಡ ತಮ್ಮಾ. ಒತ್ತಾಕ ಹತ್ತಿದ ಮ್ಯಾಲ ಗಾಡಿ ಭಾಳ ಮೆತ್ತಗ ಹೊಕ್ಕೈತಿ.”

“ಅದರ ಕೆಳಗ ಒಂದ ಸ್ಪ್ರಿಂಗ್ ಬಿಟ್ರ ಏನೂ ಇಲ್ಲ. ಕುಂಡ್ರಿಸಿದಾಂವ ನಾನು.”

“ನೀ ಕುಂಡ್ರಿಸಿದ್ದಕ್ಕ ಹೇಳತೇನಿ. ಛಲೋ ಕುಂಡ್ರಿಸೀದಿ.”

ಹಾಗಾದರೆ ಒಮ್ಮೆ ಒತ್ತದೆ ಓಡಿಸಿ ತೋರಿಸು ಎಂದೆ. ಅವನು ಮನಸ್ಸಿಲ್ಲದೆ ಎಡಗಾಲು ಹಿಂದಕ್ಕೆ ತೆಗೆದ. ಕಾರು ಎರಡಕ್ಕೆ ಬೀಳುವಾಗ, ರಸ್ತೆಯ ಕುಣಿಯೋ ಏನೋ, ಒಂದು ಸಣ್ಣ ಜಗ್ಗು ಹೊಡೆಯಿತು. ಅಂದಪ್ಪ ನನ್ನ ಕಡೆ ನೋಡಿದ. ಮೂರಕ್ಕೆ ಬೀಳುವ ಹೊತ್ತಿಗೆ ನನ್ನ ಎಡಗಾಲು, ನನ್ನನ್ನು ಕೇಳದೆ, ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಕಾರು ಮೆತ್ತಗೆ ಹೋಯಿತು.